ಕೈ ಎತ್ತದೆ ಸರ್ವ್ ಕಲಿಸುವ ವರ್ನಾ

ಟೊಲೀಡೊ ನಗರದ ಸಾರ್ವಜನಿಕ ಉದ್ಯಾನದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವರ್ನಾ ಯವೋರ್ಸ್ಕಿ ಟೆನಿಸ್ ಅಂಕಣದಲ್ಲಿ ನಿಂತ ಮಳೆನೀರನ್ನು ರಬ್ಬರ್ ಪಟ್ಟಿಯ ಕೋಲಿನಿಂದ ಅಂಚಿಗೆ ತಳ್ಳುತ್ತಿದ್ದಾರೆ. ತಳ್ಳುವುದೆಲ್ಲ ಎಡಗೈ. ಬಲಗೈ ಸುಮ್ಮನೆ ಜೊತೆಗಿರುತ್ತದೆ. ಭುಜದ ಮಟ್ಟಕ್ಕಿಂತ ಮೇಲೆ ಅದು ಏಳುವುದೇ ಇಲ್ಲ. ಇಂಥ ಕೈ ಇಟ್ಟುಕೊಂಡು ಈಕೆ ಊರಿನವರಿಗೆ ಕಲಿಸುವುದು ಏನು ಗೊತ್ತೆ? ತಲೆಯ ಮೇಲಿಂದ ಚೆಂಡು ಹೊಡೆಯುವ ಸರ್ವ್.

ಸಂಬಳ ಬರುವುದು ಹುಲ್ಲು ಕತ್ತರಿಸುವುದಕ್ಕೆ, ಅಂಕಣ ಒರೆಸುವುದಕ್ಕೆ. ಪಾಠ ಪುಕ್ಕಟೆ, ಯಾರಾದರೂ ಡೋನಟ್ ತಂದರೆ ಬೇಡ ಎನ್ನುವವರಲ್ಲ. ಹರೆಯದಲ್ಲಿ ಊರ ತಂಡಕ್ಕೆ ಆಡುತ್ತಿದ್ದ ವರ್ನಾ, ಕಾಲನ್ನು ಕಂಬದಂತೆ ನೆಟ್ಟು ಬರೀ ತೋಳಿನ ಬಲದಿಂದ ಹೊಡೆಯುತ್ತಿದ್ದರು. ಒಂದು ಬೇಸಿಗೆ ಭುಜದ ಸ್ನಾಯು ಹರಿಯಿತು. ಶಸ್ತ್ರಚಿಕಿತ್ಸೆಯಿಂದಲೂ ಹೆಚ್ಚೇನೂ ಪ್ರಯೋಜನವಾಗಲಿಲ್ಲ.

"ಹೊಡಿ, ಇನ್ನೂ ಜೋರಾಗಿ ಹೊಡಿ ಅಂದೋರು ಬೇಕಾದಷ್ಟು ಜನ. ಮಂಡಿ ಬಗ್ಗಿಸು ಅಂತ ಒಬ್ರೂ ಹೇಳ್ಲಿಲ್ಲ," ಎನ್ನುತ್ತಾರೆ. ಆ ಸಿಟ್ಟು ಇನ್ನೂ ಆರಿಲ್ಲ. ಆರಬಾರದು ಎಂದೇ, ಅವರ ಬಗ್ಗೆ ಬರೆಯಲು ಬಂದ ನನಗನ್ನಿಸುತ್ತದೆ.

ಈ ವಸಂತದಲ್ಲಿ ಅವರ ಬಳಿ ಬಂದವಳು ಡಾರ್ಲೀನ್, ಮನೆಮನೆಗೆ ಅಂಚೆ ಹಂಚುವಾಕೆ. ಶನಿವಾರದ ಪಂದ್ಯಗಳೆಂದರೆ ಅವಳಿಗೆ ಪ್ರಾಣ. ಆದರೆ ಬಲಭುಜದ ನೋವಿನಿಂದ ಆ ಮಗ್ಗುಲಿಗೆ ಮಲಗಲೂ ಆಗುತ್ತಿರಲಿಲ್ಲ. ಹೀಗೇ ಮುಂದುವರಿದರೆ ಆಟ ಬಿಡಬೇಕಾಗುತ್ತದೆ ಎಂದು ವೈದ್ಯರು ಹೇಳಿಬಿಟ್ಟಿದ್ದರು.

ವರ್ನಾ ಮೊದಲು ಅವಳ ರಾಕೆಟ್ ಕಸಿದುಕೊಂಡು ಬೆಂಚಿನ ಮೇಲಿಟ್ಟರು. ಮಂಡಿ ಬಗ್ಗಿಸಬೇಕು, ನೆಲ ಒದ್ದು ಏಳಬೇಕು, ಸೊಂಟ ತಿರುಗಬೇಕು, ತೋಳು ಎಲ್ಲಕ್ಕಿಂತ ಕೊನೆಗೆ ಬರಬೇಕು. ಕಾಲು ಪಳಗಿತು, ರಾಕೆಟ್ಟೂ ಮರಳಿ ಸಿಕ್ಕಿತು, ನೋವು ಮಾತ್ರ ಹೋಗಲಿಲ್ಲ. ಒಂದು ಬೆಳಿಗ್ಗೆ ಹಿಂದೆ ನಿಂತು ನೋಡುತ್ತಿದ್ದ ವರ್ನಾ ಅವಳ ಬಲ ಹೆಗಲ ಮೇಲೆ ಅಂಗೈ ಇಟ್ಟರು. ಚೆಂಡು ಮೇಲೆಸೆಯುವ ಹೊತ್ತಿಗೆ ಆ ಹೆಗಲು ತಾನಾಗಿ ಕಿವಿಯತ್ತ ಏರುತ್ತಿತ್ತು. ಅಂಚೆ ಚೀಲ ಜಾರದಿರಲೆಂದು ವರ್ಷಗಟ್ಟಲೆ ಎತ್ತಿ ಹಿಡಿದ ಅಭ್ಯಾಸ!

"ಪೋಸ್ಟಮ್ಮ, ಚೀಲ ಇನ್ನೂ ಹೆಗಲ ಮೇಲೇ ಇದೆಯಲ್ಲೇ. ಇಳ್ಸು ಅದನ್ನ."

ಅಂದಿನಿಂದ ಪಾಠವೇ ಬದಲಾಯಿತು. ಎಡಭುಜ ಮೇಲೆ, ಬಲಭುಜ ಕೆಳಗೆ. ಕಾಲು ನೆಲ ಒದ್ದ ಮೇಲೆಯೇ ಅದಲು ಬದಲು. ಇದನ್ನು ವರ್ನಾ ಸೊಂಟದ ಮೇಲೆ ಕೈಯಿಟ್ಟುಕೊಂಡು, ಮೈ ವಾಲಿಸಿ ತೋರಿಸುತ್ತಾರೆ. ದಿನವೂ ಪಾಠಕ್ಕೆ ಮುಂಚೆ ಅವರದು ಒಂದೇ ಪ್ರಶ್ನೆ, ರಾತ್ರಿ ಯಾವ ಮಗ್ಗುಲಿಗೆ ಮಲಗಿದ್ದೆ ಎಂದು. ಎಡಕ್ಕೆ ಎಂಬ ಉತ್ತರ ಕೇಳಿ ಕೇಳಿ ಅವರಿಗೆ ಸಾಕಾಗಿದೆ.

ಇಂದು ಭಾನುವಾರ. ನಿನ್ನೆಯ ಪಂದ್ಯದಲ್ಲಿ ಡಾರ್ಲೀನ್ ಸೋತದ್ದು ಉದ್ಯಾನಕ್ಕೆಲ್ಲ ಗೊತ್ತು. ಅವಳು ಡೋನಟ್ ಪೊಟ್ಟಣ ಹಿಡಿದು ಬರುತ್ತಾಳೆ. ವರ್ನಾ ಪಂದ್ಯದ ಮಾತೇ ಎತ್ತದೆ ಎಂದಿನ ಪ್ರಶ್ನೆ ಕೇಳುತ್ತಾರೆ.

"ಬಲಕ್ಕೆ," ಎನ್ನುತ್ತಾಳೆ ಡಾರ್ಲೀನ್. "ಬೆಳಗಾದ್ಮೇಲೇ ನಂಗೂ ಗೊತ್ತಾಗಿದ್ದು."

ವರ್ನಾ ಕೋಲು ಕೆಳಗಿಟ್ಟು, ಎಡಗೈ ಚಾಚಿ ಡೋನಟ್ ತೆಗೆದುಕೊಳ್ಳುತ್ತಾರೆ. ಆಮೇಲೆ ನನ್ನತ್ತ ತಿರುಗಿ, "ನನ್ನ ಭುಜ ಹೋಯ್ತು, ಇವಳ್ದು ಉಳೀತು. ಪಂದ್ಯ ಬಿಡಿ, ಮುಂದಿನ ಶನಿವಾರ ಗೆದ್ಕೋತಾಳೆ," ಎನ್ನುತ್ತಾರೆ.