ದೆವ್ವಕ್ಕೆ ಕಿಮೊನೊ ಉಡಿಸುವ ಸುಮಿಯೆ

ಬೆಳಗಿನ ಐದೂವರೆ. ಟೋಕಿಯೊ ಹೊರವಲಯದ ಸ್ಟುಡಿಯೊದಲ್ಲಿ ಅರವತ್ತಮೂರರ ಮಿತೋಬೆ ಸುಮಿಯೆ ಬಿಳಿ ಕಿಮೊನೊಗೆ ಇಸ್ತ್ರಿ ಹಾಕುತ್ತಿದ್ದಾರೆ. 'ಕಾಲಿಲ್ಲದವಳು' ಚಿತ್ರಮಾಲೆಯ ಆರನೆಯ ಭಾಗಕ್ಕೆ ಇವತ್ತು ಮೊದಲ ದಿನ. ಆರೂ ಭಾಗಗಳ ದೆವ್ವಗಳಿಗೆ ಬಟ್ಟೆ ಉಡಿಸುವವರು ಇವರೇ. ಚಿತ್ರ ಮುಗಿದ ಮೇಲೂ ಜಪಾನಿನ ಪ್ರೇಕ್ಷಕರಾದ ನಾವೆಲ್ಲ ಹೆಸರುಗಳ ಪಟ್ಟಿ ಮುಗಿಯುವ ತನಕ ಕೂತಿರುತ್ತೇವೆ, ಆದರೆ ಇವರ ಹೆಸರು ಓದಿದವರನ್ನು ನಾನಂತೂ ಕಂಡಿಲ್ಲ.

ಮೂವತ್ತೊಂದಕ್ಕೇ ಗಂಡನನ್ನು ಕಳೆದುಕೊಂಡ ಸುಮಿಯೆ ಹತ್ತು ವರ್ಷ ಕಲ್ಯಾಣಮಂಟಪದಲ್ಲಿ ವಧುಗಳನ್ನು ಸಿಂಗರಿಸಿದವರು. ಬದುಕಿರುವವರಿಗೆ ಕಿಮೊನೊದ ಎಡ ಅಂಚು ಮೇಲೆ ಬರಬೇಕು, ಸತ್ತವರಿಗೆ ಬಲ ಅಂಚು. ಸ್ಟುಡಿಯೊ ಸೇರಿದ ಮೊದಲ ದಿನವೇ ಅವರ ಕೈ ಹಳೇ ಅಭ್ಯಾಸದಂತೆ ಎಡ ಅಂಚನ್ನೇ ಮೇಲೆ ತಂದಿತು. "ದೆವ್ವ ಮದುವೆಗೆ ಹೊರಟಿದೆಯಾ ಅಂತ ಇಡೀ ಸೆಟ್ಟು ಬಿದ್ದುಬಿದ್ದು ನಕ್ತು. ಗೊತ್ತಾಗಿದ್ದು ಸಂಜೆಗೆ, ಒಂದು ದಿನದ ಶೂಟಿಂಗ್ ನೀರುಪಾಲು. ನಂಗೆ ಭೂಮಿ ಬಾಯ್ಬಿಡಬಾರದಾ ಅನ್ನಿಸಿತ್ತು!"

ಇವತ್ತಿನ ದೆವ್ವ ಹತ್ತೊಂಬತ್ತರ ಹಿನಾನೊ. ಅವಳಿಗಿದು ಮೊದಲ ಅವಕಾಶ. ಬಲ ಅಂಚು ಮೇಲೆ ಬರುತ್ತಿದ್ದಂತೆ ಹುಡುಗಿ ಹಿಂದೆ ಸರಿಯುತ್ತಾಳೆ.

"ಬೇಡಮ್ಮಾ. ಹೋದ ತಿಂಗಳು ನಮ್ಮಜ್ಜಿಗೆ ಹೀಗೇ ಉಡಿಸಿ ಮಲಗಿಸಿದ್ರು. ನನ್ ಕೈಲಿ ಆಗಲ್ಲ."

ಸಹಾಯಕ ನಿರ್ದೇಶಕ ಬಾಗಿಲಲ್ಲೇ ನಿಂತು ಗಡಿಯಾರ ತೋರಿಸುತ್ತಾನೆ. "ಎಂಟಕ್ಕೆ ರೆಡಿ ಇಲ್ಲ ಅಂದ್ರೆ ಬೇರೆ ಹುಡುಗೀನ ಕರೆಸ್ತೀವಿ, ಅಮ್ಮಾ."

"ಕರೆಸೋನು ಬಂದ! ಮೊದಲು ಬಾಗಿಲು ಹಾಕೋ ಮಾರಾಯ, ಹುಡುಗಿ ನಡುಗ್ತಿದಾಳೆ."

ಸುಮಿಯೆ ಎಲ್ಲವನ್ನೂ ಬಿಚ್ಚಿ ಮತ್ತೆ ಶುರು ಮಾಡುತ್ತಾರೆ. ಈ ಸಲ ಒಳಗೊಂದು ತೆಳುವಾದ ಹತ್ತಿಯ ನಿಲುವಂಗಿ ತೊಡಿಸಿ, ಎಡ ಅಂಚನ್ನು ಮೇಲೆ ತಂದು ಬಿಗಿಯಾಗಿ ಕಟ್ಟುತ್ತಾರೆ. ಅದರ ಮೇಲೆ ದೆವ್ವದ ಕಿಮೊನೊ, ಬಲ ಅಂಚು ಮೇಲೆ.

"ಮುಟ್ಟಿ ನೋಡ್ಕೋ. ಮೈಗಂಟಿರೋದು ಬದುಕಿರೋಳ ಉಡುಗೆ. ಮೇಲಿಂದು ಕ್ಯಾಮೆರಾಗೆ. ಅಜ್ಜಿ ನೋಡಿದ್ರೂ ಬೈಯಲ್ಲ."

ಹಿನಾನೊ ಎದೆಯ ಮೇಲೆ ಕೈಯಿಟ್ಟು ನೋಡಿಕೊಳ್ಳುತ್ತಾಳೆ. ಎಂಟಕ್ಕೆ ಐದು ನಿಮಿಷವಿರುವಾಗ ಕ್ಯಾಮೆರಾ ಮುಂದೆ ನಿಲ್ಲುತ್ತಾಳೆ. ಅವಳು ತಲೆಯೆತ್ತಿ ನೋಡಿದ ರೀತಿಗೆ ನಾನು ಎರಡು ಹೆಜ್ಜೆ ಹಿಂದಿಟ್ಟೆ, ಸುಳ್ಳೇಕೆ ಹೇಳಲಿ. ಒಂದೇ ಟೇಕಿಗೆ ದೃಶ್ಯ ಓಕೆ!

ಎಲ್ಲರೂ ಹುಡುಗಿಗೆ ಚಪ್ಪಾಳೆ ತಟ್ಟುತ್ತಿದ್ದರೆ ಸುಮಿಯೆ ಆಗಲೇ ಅವಳ ಸೊಂಟಪಟ್ಟಿ ಬಿಚ್ಚುತ್ತಿದ್ದಾರೆ. ದೆವ್ವದ ಬಟ್ಟೆಯಲ್ಲಿ ಯಾರನ್ನೂ ಊಟಕ್ಕೆ ಬಿಡುವುದಿಲ್ಲ, ಅದು ಅವರ ನಿಯಮ. ಬಿಳಿ ಕಿಮೊನೊ ಮಡಚುತ್ತಾ ಹೇಳುತ್ತಾರೆ:

"ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದು ಹುಡುಗೀರನ್ನ ದೆವ್ವ ಮಾಡಿದೀನಿ. ಒಬ್ಬಳನ್ನೂ ದೆವ್ವವಾಗಿ ಮನೆಗೆ ಕಳಿಸಿಲ್ಲ."