ಯಾರ ಮಗಳೆಂದು ಕೇಳದ ಟೀಚರ್

ತಿ. ನರಸೀಪುರದ ಹೈಸ್ಕೂಲಿಗೆ ಹೊಸದಾಗಿ ಬಂದ ಪಿ.ಟಿ. ಟೀಚರ್ ಕೋಮಲ ಅವರಿಗೆ ಜಂಬ ಜಾಸ್ತಿ ಎಂದು ಊರೆಲ್ಲ ನಂಬಿತ್ತು. ಇದನ್ನು ಬರೆಯುತ್ತಿರುವವನೂ ನಂಬಿದ್ದ. ಕಾರಣ ಇಷ್ಟೇ. ನಮ್ಮ ಕಡೆ ಹೊಸ ಮಗು ಕಂಡರೆ ಯಾವೂರು, ಯಾವ ಬೀದಿ, ಯಾರ ಮಗಳು ಎಂದು ಕೇಳುವುದು ಮರ್ಯಾದೆ. ಉತ್ತರ ಬಂದ ಮೇಲೆ ನೀರನ್ನು ಲೋಟದಲ್ಲಿ ಕೊಡುವುದೋ ಬೊಗಸೆಗೆ ಹುಯ್ಯುವುದೋ ಎಂದು ತೀರ್ಮಾನಿಸುವುದು ಇನ್ನೂ ದೊಡ್ಡ ಮರ್ಯಾದೆ. ಈ ಟೀಚರ್ ಮಾತ್ರ ಹೆಸರೊಂದನ್ನು ಕೇಳಿ ಸುಮ್ಮನಾಗುತ್ತಿದ್ದರು.

ಅದು ಜಂಬವಲ್ಲ, ಪೆಟ್ಟು ತಿಂದವರ ಹುಷಾರು ಎಂದು ತಿಳಿಯಲು ಬಹಳ ಕಾಲ ಬೇಕಾಯಿತು.

ಟೀಚರಾಗುವ ಎಷ್ಟೋ ವರ್ಷ ಮೊದಲು, ಕೋಮಲ ಆಗ ಹದಿನಾರಿನವಳು. ತಾಯಿ ಮುದ್ದಮ್ಮ ನಾಟಿ, ಕಳೆ ಎಂದು ಕೂಲಿಗೆ ಹೋಗುವವಳು. ಹುಡುಗಿ ನಂಜನಗೂಡಿನ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಬಸ್ಸು ಅವರ ಸ್ಟಾಪಿನಲ್ಲಿ ನಿಂತದ್ದೇ ಅಪರೂಪ; ದಾಟಿ ಮುಂದೆ ಹೋಗಿ, ಒಂದು ಗಳಿಗೆ ಯೋಚಿಸಿ, ಮತ್ತೆ ಹೊರಡುತ್ತಿತ್ತು. ಆ ಒಂದು ಗಳಿಗೆಯೊಳಗೆ ಓಡಿ ಮೆಟ್ಟಿಲು ಹಿಡಿಯುವುದರಲ್ಲಿ ಕೋಮಲಳನ್ನು ಮೀರಿಸಿದವರಿರಲಿಲ್ಲ.

ಆ ಶಾಲೆಯ ಪಿ.ಟಿ. ಮೇಷ್ಟ್ರು ಶಿವಸ್ವಾಮಿಯವರು. ಅವರ ಕೊರಳಲ್ಲಿ ಸ್ಟಾಪ್‌ವಾಚು ಸದಾ ತೂಗುತ್ತಿತ್ತು. ಅದರ ಸೆಲ್ಲು ತೀರಿಹೋಗಿತ್ತು, ಆದರೆ ಅವರಿಗೆ ಅದರ ಅಗತ್ಯವೂ ಬೀಳಲಿಲ್ಲ. ತೊಂಬತ್ತಾರರಲ್ಲಿ, ಒಲಿಂಪಿಕ್ಸ್ ಸಮಯಕ್ಕೆ, ಭಾನುವಾರದ ಪುರವಣಿಯಲ್ಲಿ ಒಂದು ಲೇಖನ ಬಂದಿತ್ತು. ಕೀನ್ಯಾದವರು ದೂರ ಓಡುವುದಕ್ಕೂ ಜಮೈಕಾದವರು ಜೋರಾಗಿ ಓಡುವುದಕ್ಕೂ ವಂಶವಾಹಿ ಕಾರಣವಿರಬಹುದು ಎಂದು ಅದರಲ್ಲಿತ್ತು. ‘ಇರಬಹುದು’ ಎಂಬುದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಮೇಷ್ಟ್ರಿಗೆ ಬಾಯಿಪಾಠವಾಯಿತು. ಅಂದಿನಿಂದ ಅವರು ಕೀನ್ಯಾ, ಜಮೈಕಾ ಎರಡನ್ನೂ ನಂಜನಗೂಡು ತಾಲ್ಲೂಕಿನೊಳಗೇ ಹುಡುಕತೊಡಗಿದರು.

“ಯಾವ ಬೀದಿ ಅಂದೆ? ಓ, ಆ ಕಡೇದಾ. ನಿಮ್ಮವ್ವ ಕೂಲಿಗೆ ಹೋಗ್ತಾಳಾ?”

“ಊ ಸಾ.”

“ಸರಿ ಹೋಯ್ತು. ತಲತಲಾಂತರದಿಂದ ಹೊರೆ ಹೊತ್ತ ಜನ, ದಮ್ಮು ರಕ್ತದಲ್ಲೇ ಇರುತ್ತೆ. ನೀನು ಮೂರು ಸಾವಿರ ಮೀಟರ್.”

“ನಂಗೆ ನೂರು ಮೀಟ್ರು ಬತ್ತದೆ ಸಾ. ಒಂದ್ಸಲ ಓಡ್ತೀನಿ, ನೋಡಿ ಸಾ.”

“ನೋಡೋದೇನಮ್ಮ, ವಿಜ್ಞಾನವೇ ಹೇಳ್ತಾ ಇದೆಯಲ್ಲ.”

ಮನೆಯಲ್ಲಿ ಇದನ್ನು ಕೇಳಿ ಮುದ್ದಮ್ಮ ನಕ್ಕಳು; ನಕ್ಕದ್ದಕ್ಕೇ ಕೆಮ್ಮು ಹತ್ತಿಕೊಂಡಿತು. ಅವಳಿಗೆ ಹುಟ್ಟಿದಾಗಿನಿಂದ ಗೂರಲು, ನಾಲ್ಕು ಹೆಜ್ಜೆಗೇ ಏದುಸಿರು.

“ನನ್ ರಕ್ತದಲ್ಲಿ ದಮ್ಮು ಅದಂತಾ? ಆ ಮೇಷ್ಟ್ರ ಒಂದಿನ ಕಳೆ ಕೀಳಕ್ಕೆ ಕರ್ಕೊಂಡ್ ಬಾ ಮಗ. ಬದದ್ ಮ್ಯಾಲೆ ಮೊದ್ಲು ಯಾರು ಕುಂತ್ಕತಾರೆ ನೋಡವ.”

ನೂರು ಮೀಟರಿಗೆ ಆಯ್ಕೆಯಾದವಳು ಅಂಗಡಿ ಬೀದಿಯ ಶಿವಾನಿ. ತುಪ್ಪ ಅನ್ನ ಉಂಡ ವಂಶದಲ್ಲಿ ವೇಗವಿರುತ್ತದೆ ಎಂಬುದು ಮೇಷ್ಟ್ರ ಸಿದ್ಧಾಂತ. “ಆ ಪಿಸ್ತೂಲ್ ಸದ್ದಿಗೆ ನನ್ ಕಾಲೇ ಏಳಲ್ಲ ಕಣೇ. ನಿಧಾನಕ್ಕಾದ್ರೆ ಎಷ್ಟು ಸುತ್ತು ಬೇಕಾದ್ರೂ ಓಡ್ತೀನಿ” ಎಂದು ಅವಳು ಕೋಮಲಳ ಹತ್ತಿರ ಅಳುತ್ತಿದ್ದಳು. ಓಟ ಅದಲುಬದಲು ಮಾಡಿಕೊಡಿ ಎಂದು ಇಬ್ಬರೂ ಹೋಗಿ ಕೇಳಿದರು. ರಕ್ತ ಅದಲುಬದಲು ಮಾಡೋಕಾಗುತ್ತಾ ಎಂದು ಮೇಷ್ಟ್ರು ಗದರಿದರು.

ತಾಲ್ಲೂಕು ಕ್ರೀಡಾಕೂಟ ಬಂತು. ಮೊದಲ ಇಬ್ಬರಿಗೆ ಮೈಸೂರಿನ ಜಿಲ್ಲಾ ಕೂಟ. ಮೈಸೂರಿನಲ್ಲಿ ಗೆದ್ದರೆ ಕ್ರೀಡಾ ಹಾಸ್ಟೆಲ್ಲು, ಕಾಲಿಗೆ ಬೂಟು, ಮುಂದಿನ ಓದು. ಕೋಮಲ ಎಸ್ಸೆಸ್ಸೆಲ್ಸಿಯಲ್ಲಿದ್ದಳು, ಅವಳಿಗೆ ಇನ್ನೊಂದು ವರ್ಷವಿರಲಿಲ್ಲ. ಆ ಬೆಳಿಗ್ಗೆ ಶಿವಾನಿ ಹೊಟ್ಟೆನೋವೆಂದು ಮಲಗಿದಳು. ನೋವು ನಿಜವೋ ಗೆಳತಿಗಾಗಿ ಬಂದದ್ದೋ, ಇವತ್ತಿಗೂ ಬಾಯಿಬಿಟ್ಟಿಲ್ಲ. ಶಾಲೆಯ ಜಾಗ ಖಾಲಿ ಬೀಳಬಾರದೆಂದು ಮೇಷ್ಟ್ರು ಕೋಮಲಳನ್ನು ನಿಲ್ಲಿಸಿದರು. ಫೈನಲ್ಲಿಗೆ ಆರಿಸುವ ಹೀಟ್ಸಿನಲ್ಲಿ ಅವಳು ಬರಿಗಾಲಲ್ಲಿ ಗೆರೆ ದಾಟಿ ತಿರುಗಿ ನೋಡಿದಾಗ ಮಿಕ್ಕವರು ಇನ್ನೂ ಬರುತ್ತಿದ್ದರು.

“ಗಾಳಿ ಹಿಂದಿನಿಂದ ಬೀಸ್ತು” ಎಂದರು ಮೇಷ್ಟ್ರು. ಗಾಳಿ ಮಿಕ್ಕವರಿಗೂ ಹಿಂದಿನಿಂದಲೇ ಬೀಸಿತ್ತು.

ಫೈನಲ್ ಮಧ್ಯಾಹ್ನ. ಅದಕ್ಕೂ ಮುಂಚೆ ಮೂರು ಸಾವಿರದ ಓಟ.

“ಅದು ಬ್ಯಾಡ ಸಾ, ಕಾಲು ಸೋತೋಯ್ತದೆ. ಇದೊಂದ ಓಡ್ಬುಡ್ತೀನಿ.”

“ನಿನ್ನ ನಿಜವಾದ ಓಟ ಅದು ಕಣಮ್ಮ. ಅದನ್ನ ಓಡದಿದ್ರೆ ಇದಕ್ಕೂ ನಿಲ್ಸಲ್ಲ.”

ಓಡಿದಳು. ಬಿಸಿಲಲ್ಲಿ ಸುತ್ತಿ ಸುತ್ತಿ ಎಲ್ಲರಿಗಿಂತ ಕೊನೆಯಲ್ಲಿ ಬಂದಳು. ನೀರು ಕುಡಿದು ಏಳುವಷ್ಟರಲ್ಲಿ ಫೈನಲ್ಲಿಗೆ ಕೂಗಿದರು. ಪಿಸ್ತೂಲು ಹಾರಿದಾಗ ಜೀವವೆಲ್ಲ ಮುಂದಕ್ಕೆ ಚಿಮ್ಮಿತು, ತೊಡೆಗಳು ಮಾತ್ರ ಜೊತೆಗೆ ಬರಲಿಲ್ಲ. ಮೂರನೆಯವಳಾದಳು.

“ನೋಡ್ದೆಯಾ? ವೇಗ ನಿನ್ನ ರಕ್ತದಲ್ಲಿಲ್ಲ” ಎಂದರು ಮೇಷ್ಟ್ರು. ಹಾಗಾದರೆ ದೂರದ ಓಟದಲ್ಲಿ ಕೊನೆಯವಳಾದದ್ದು ಯಾಕೆ? ಅದನ್ನೂ ಅವರೇ ಹೇಳಿದರು: ಸೋಮಾರಿತನ.

ಹಾಸ್ಟೆಲ್ಲು ತಪ್ಪಿತು. ಕೋಮಲ ಅವ್ವನ ಜೊತೆ ಗದ್ದೆಗಿಳಿದಳು, ಬಿಟ್ಟ ಓದನ್ನು ತಡವಾಗಿ ಹಿಡಿದಳು, ಕೊನೆಗೆ ಪಿ.ಟಿ. ಟೀಚರಾದಳು. ಆದರೆ ಆ ಹೀಟ್ಸಿನಲ್ಲಿ ತಾನು ಎಷ್ಟು ಸೆಕೆಂಡಿಗೆ ಓಡಿದೆ ಎಂಬುದು ಅವಳಿಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಅವತ್ತು ಅವಳಿಗಾಗಿ ಯಾರೂ ಗಡಿಯಾರ ಒತ್ತಿರಲಿಲ್ಲ. ಸಂಬಳ ಬಂದ ಮೇಲೆ ಮೊದಲು ಕೊಂಡದ್ದೇ ಒಂದು ಸ್ಟಾಪ್‌ವಾಚು. ಅದರ ಸೆಲ್ಲು ತೀರಲು ಅವಳು ಬಿಡುವುದಿಲ್ಲ.

ಎರಡು ಸಾವಿರದ ಎಂಟರಲ್ಲಿ ನರಸೀಪುರದ ಶಾಲೆಯ ಕ್ರೀಡಾದಿನಕ್ಕೆ ನಿವೃತ್ತ ಶಿವಸ್ವಾಮಿಯವರೇ ಮುಖ್ಯ ಅತಿಥಿ. ಪೇಟ ತೊಡಿಸಿಕೊಂಡು, ಕೋಮಲ ತಮ್ಮ ಕೈಯಲ್ಲೇ ತಯಾರಾದ ಹುಡುಗಿ ಎಂದು ಬಹಳ ಹೊತ್ತು ಭಾಷಣ ಮಾಡಿದರು. ಇಳಿದು ಬಂದು ಗೆರೆಯ ಪಕ್ಕದ ಕುರ್ಚಿಯಲ್ಲಿ ಕುಳಿತಾಗ ನೂರು ಮೀಟರಿನ ಓಟ ಶುರುವಾಗಿತ್ತು. ಎಣ್ಣೆ ಹಚ್ಚಿ ಎರಡು ಜಡೆ ಬಿಗಿದ ಪುಟ್ಟ ಹುಡುಗಿಯೊಬ್ಬಳು ಎಲ್ಲರನ್ನೂ ಹಿಂದೆ ಹಾಕಿ ಗೆರೆ ದಾಟಿದಳು.

ಮೇಷ್ಟ್ರು ಪಕ್ಕಕ್ಕೆ ಬಾಗಿದರು. “ಏನಮ್ಮ ಇದು ವೇಗ. ಯಾವೂರಿನವಳು? ಯಾವ ಬೀದಿ? ಯಾರ ಕಡೆಯೋಳು?”

ಕೋಮಲ ಟೀಚರ್ ಕೈಯಲ್ಲಿದ್ದ ಗಡಿಯಾರದಿಂದ ಕಣ್ಣೆತ್ತಲಿಲ್ಲ.

“ಕೇಳಿಲ್ಲ ಸಾ. ಓಡ್ಸಿ ನೋಡ್ದೆ.”