ಕೊನೆಯ ಹಾಳೆ ಇಲ್ಲದ ಕಾದಂಬರಿ

ಹೋದ ತಿಂಗಳು ಕೆ.ಆರ್. ಪೇಟೆಯಲ್ಲಿ ಒಂದು ಹಳೇ ಮನೆಗೆ ಟೈಲ್ಸ್ ಹಾಕಲು ಹೋಗಿದ್ದೆ. ಗೋಡೆ ಬೀರು ಖಾಲಿ ಮಾಡಿಸುವಾಗ ನುಸಿಗುಳಿಗೆಯ ವಾಸನೆ, ಹಳೇ ಕಾಗದದ ವಾಸನೆ ಒಟ್ಟಿಗೇ ಮೂಗಿಗೆ ಬಡಿಯಿತು. ಕರಣೆ ಹಿಡಿದುಕೊಂಡೇ ನಿಂತುಬಿಟ್ಟೆ. ಅದು ಪಾಂಡವಪುರದ ಟೀಚರಮ್ಮನ ಮನೆಯ ವಾಸನೆ...

ಟೀಚರಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನಾನು ಅವರ ಶಿಷ್ಯನಲ್ಲ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಗಾರೆ ಕೆಲಸಕ್ಕೆ ಇಳಿದವನು. ಅವರ ನಡುಮನೆಗೆ ಟೈಲ್ಸ್ ಹಾಕಲು ಹೋದಾಗ ಪರಿಚಯ. ಅಷ್ಟು ಹೊತ್ತಿಗೆ ಅವರಿಗೆ ಬೆಳಕು, ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ತಾವು ಹೇಳಿದ ಮಾಲೇ ಬಂದಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ, ಡಬ್ಬದ ಮೇಲೆ ಏನು ಬರೆದಿದೆ ಎಂದು ಕೇಳಿದರು. ಗತ್ತಿನಿಂದಲೇ ಓದಿದೆ. ದಿನಾ ನೋಡುವ ಡಬ್ಬ, ಅದರಲ್ಲೇನು ಕಷ್ಟ!

"ಓಹೋ, ಇಂಗ್ಲಿಷ್ ಓದ್ತೀಯಾ," ಎಂದವರೇ ಬೀರುವಿನಿಂದ ಒಂದು ಪುಸ್ತಕ ತಡಕಿ ತಂದು ಕೈಗಿಟ್ಟರು. "ಅರ್ಧ ಓದಿದ್ದೆ, ಕಣ್ಣು ಕೈಕೊಟ್ಟಿತು. ಆ ಎರಡು ಕುಲದೋರು ಕೊನೆಗೆ ಒಂದಾದ್ರೋ ಇಲ್ವೋ ಅಂತ ಎರಡು ವರ್ಷದಿಂದ ತಲೆ ಕೊರೀತಾ ಇದೆ. ಓದ್ತೀಯೇನಯ್ಯಾ?"

ರಟ್ಟಿನ ಮೇಲೆ ಗುಡ್ಡ, ಮಂಜು, ಕತ್ತಿ ಹಿಡಿದ ಒಬ್ಬ ಗಂಡಸು. ಹಿಂದುಗಡೆ ಬರೆದ ಹೆಂಗಸಿನ ಫೋಟೋ.

"ಯಾವೂರ ಗೌಡ ಟೀಚರಮ್ಮ ಇವ್ನು? ಇಷ್ಟುದ್ದ ಕತ್ತಿ ಇಡ್ಕಂಡು ಲಂಗ ಉಟ್ಟವ್ನಲ್ಲ!"

"ಸ್ಕಾಟ್ಲೆಂಡಿನ ಗೌಡ. ನಿಮ್ಮೂರ ಗೌಡರಿಗಿಂತ ಕೋಪ ಜಾಸ್ತಿ. ಓದು."

ಬರುವುದಿಲ್ಲ ಎನ್ನಲು ಮಾನ ಅಡ್ಡ ಬಂತು. ಕೂತೆ. ಗೊತ್ತಿದ್ದ ಪದ ಓದುವುದು, ಗೊತ್ತಿಲ್ಲದ್ದನ್ನು ಒಂದೊಂದೇ ಅಕ್ಷರವಾಗಿ ಹೇಳುವುದು. ಅವರು ಅದನ್ನು ಜೋಡಿಸಿಕೊಂಡು, ಅರ್ಥವನ್ನು ಕನ್ನಡದಲ್ಲಿ ನನಗೆ ಹೇಳುವರು. ಕಣ್ಣು ನನ್ನದು, ಇಂಗ್ಲಿಷು ಅವರದು. ಅರ್ಧ ಪುಟಕ್ಕೇ ಬೆವರು ಇಳಿಯಿತು. ಇಡೀ ದಿನ ಕುಕ್ಕರಗಾಲಲ್ಲಿ ಟೈಲ್ಸ್ ಕೂರಿಸಿದರೂ ಅಷ್ಟು ಸುಸ್ತಾಗುತ್ತಿರಲಿಲ್ಲ. ಕೆಲಸ ಮುಗಿದ ಮೇಲೂ ಶೀಳನೆರೆ ಕಡೆಯ ನಮ್ಮೂರಿನಿಂದ ಭಾನುವಾರ ಭಾನುವಾರ ಬೈಕಿನಲ್ಲಿ ಹೋಗತೊಡಗಿದೆ.

ದನ ಹೊಡೆದುಕೊಂಡು ಹೋದ ಜಗಳಕ್ಕೆ ಮೂರು ತಲೆಮಾರು ಕಡಿದಾಡಿದ ಎರಡು ಕುಲಗಳ ಕಥೆ ಅದು. ಈ ಕಡೆಯ ಹುಡುಗ, ಆ ಕಡೆಯ ಹುಡುಗಿ. ಒಂದು ಭಾನುವಾರ ಹೊಳೆ ದಂಡೆಯಲ್ಲಿ ಅವನು ಅವಳಿಗೆ ಮುತ್ತು ಕೊಟ್ಟ. ನಾನು ಪುಸ್ತಕ ಮುಚ್ಚಿದೆ.

"ಇದ್ನ ನಾನು ಓದಕಿಲ್ಲ ಕಣಮ್ಮ. ಅಣ್ಣ ತಂಗಿ ಅಂಗೆಲ್ಲ ಮಾಡ್ತಾರಾ?"

"ಯಾರಯ್ಯಾ ಅಣ್ಣ ತಂಗಿ?"

"ಮೂರು ತಲೆಮಾರು ಕಿತ್ತಾಡ್ತಾವ್ರೆ ಅಂದ್ರೆ ದಾಯಾದಿಗಳೇ ತಾನೇ? ಒಂದೇ ದೇವ್ರ ಒಕ್ಕಲು. ಅಣ್ತಮ್ಮಂದ್ರ ಮನೇಲಿ ಎಣ್ಣು ತತ್ತಾರಾ?"

ನನಗೆ ಗೊತ್ತಿದ್ದದ್ದು ಅಷ್ಟೇ. ನಮ್ಮಲ್ಲಿ ಅಷ್ಟು ವರ್ಷ ಹಗೆ ಸಾಧಿಸುವವರು ದಾಯಾದಿಗಳು. ನಾನೇ ಬದುವಿನ ಜಗಳಕ್ಕೆ ಚಿಕ್ಕಪ್ಪನ ಮಕ್ಕಳ ಜೊತೆ ಮಾತು ಬಿಟ್ಟಿದ್ದೆ. ಟೀಚರಮ್ಮ ಏನೋ ಹೇಳಲು ಬಂದರು. ಕೇಳದೆ ಎದ್ದು ಬಂದೆ. ಎರಡು ಭಾನುವಾರ ಆ ಕಡೆ ತಲೆ ಹಾಕಲಿಲ್ಲ. ಆದರೆ ಮುಂದೇನಾಯಿತೋ ಎಂಬ ಚಪಲ ಬಿಡಬೇಕಲ್ಲ... ಮೂರನೆಯ ಭಾನುವಾರ ನನ್ನ ಬೈಕಿನ ಸದ್ದಿಗೇ ಅವರು ಬಾಗಿಲಿಗೆ ಬಂದರು.

"ಬೇರೆ ಬೇರೆ ಒಕ್ಕಲು ಕಣಯ್ಯಾ. ನಾನು ಎಲ್ಲಾ ವಿಚಾರಿಸಿದ್ದೀನಿ. ಧಾರಾಳವಾಗಿ ಕೊಟ್ಟು ತರಬಹುದು. ಕೂತ್ಕೊ, ಓದು."

ಒಂದೂವರೆ ವರ್ಷ ಓದಿದೆವು. ಬರುಬರುತ್ತಾ ಅಕ್ಷರ ಬಿಡಿಸಿ ಹೇಳುವುದು ಕಡಿಮೆಯಾಯಿತು. ಕೊನೆಗೊಂದು ದಿನ ಎರಡೂ ಕುಲದವರು ಸೇತುವೆಯ ಆ ತುದಿ, ಈ ತುದಿ ಕತ್ತಿ ಹಿರಿದು ನಿಂತರು. ಪುಟ ತಿರುವಿದರೆ ರಟ್ಟು! ಎಲ್ಲಿಯೋ ಹಳೇ ಪುಸ್ತಕದಂಗಡಿಯಲ್ಲಿ ಕೊಂಡದ್ದು. ಕೊನೆಯ ಹಾಳೆಯೇ ಇರಲಿಲ್ಲ.

ಟೀಚರಮ್ಮ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಕಲಿತಿದ್ದ ಇಂಗ್ಲಿಷನ್ನೆಲ್ಲ ಗುಡ್ಡೆ ಹಾಕಿಕೊಂಡು, ಇಲ್ಲದ ಹಾಳೆಯನ್ನು ಓದತೊಡಗಿದೆ. ಕತ್ತಿ ಕೆಳಗಿಡಿಸಿದೆ. ಮದುವೆ ಮಾಡಿಸಿದೆ. ಎರಡೂ ಕಡೆಯವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿಸಿದೆ...

ಅವರು ಕುರ್ಚಿಗೆ ಒರಗಿಕೊಂಡರು.

"ಬಾಳೆ ಎಲೇನಾ?"

"ಊಂ ಕಣಮ್ಮ. ಅಂಗೇ ಬರ್ದವ್ಳೆ."

"ಪಾಯಸ?"

"ಅದ್ನೂ ಬಡಿಸ್ತಾವ್ರೆ."

ನಕ್ಕರು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ತಡಕಿ ನನ್ನ ಕೈ ಹಿಡಿದು, "ಚೆನ್ನಾಗಿ ಮುಗಿಸಿದಾಳೆ ಬಿಡು. ಇಂಗ್ಲಿಷೂ ಪರವಾಗಿಲ್ಲ ಅವಳದು," ಎಂದರು. ಸ್ಕೂಲಿನಲ್ಲಿ ಯಾವ ಮೇಷ್ಟ್ರೂ ನನಗೆ ಆ ಮಾತು ಹೇಳಿರಲಿಲ್ಲ.

ಮರುವರ್ಷ ಅವರು ತೀರಿಕೊಂಡರು. ಆಮೇಲೆ ಮೈಸೂರಿನ ಫುಟ್‌ಪಾತಿನಲ್ಲಿ ಅದೇ ಕಾದಂಬರಿ, ಪೂರ್ತಿಯಾಗಿಯೇ ಸಿಕ್ಕಿತು. ಅಲ್ಲೇ ನಿಂತು ಕೊನೆಯ ಹಾಳೆ ಓದಿದೆ. ಸೇತುವೆ ಮೇಲೆ ರಕ್ತ ಹರಿದು, ಹುಡುಗ ಹುಡುಗಿ ಹಡಗು ಹತ್ತಿ ದೇಶವನ್ನೇ ಬಿಟ್ಟು ಹೋಗುತ್ತಾರೆ. ಜಂಬ ಎಂದುಕೊಂಡರೂ ಸರಿ, ನಾನು ಮುಗಿಸಿದ್ದೇ ವಾಸಿ. ಟೀಚರಮ್ಮನಿಗೆ ಓದಿ ಹೇಳಿ ಹೌದೋ ಅಲ್ಲವೋ ಅಂತ ಕೇಳೋಣವೆಂದರೆ ಅವರಿಲ್ಲ...

ಈಗ ಅಂಥದೇ ಗುಡ್ಡದ ಕುಲಗಳ ಆರನೆಯ ಕಾದಂಬರಿ ಓದುತ್ತಿದ್ದೇನೆ. ಮನಸ್ಸಿನಲ್ಲೇ ಓದುವುದು ನನಗೆ ಇವತ್ತಿಗೂ ಬರುವುದಿಲ್ಲ. ಜೋರಾಗಿ ಓದಿ, ಜೋರಾಗಿಯೇ ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಮೊನ್ನೆ ಭಾನುವಾರ ಗಂಟಲು ಒಣಗಿ ನಿಲ್ಲಿಸಿದೆ. ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನನ್ನ ಹೆಂಡತಿ ಅಲ್ಲಿಂದಲೇ ಕೂಗಿದಳು:

"ಯಾಕ್ ನಿಲ್ಲಿಸ್ಬುಟ್ರಿ? ಆ ಎಣ್ಣು ತಪ್ಪಿಸ್ಕಂಡ್ಳಾ ಇಲ್ವಾ?"

ಒಂದು ಲೋಟ ನೀರು ಕುಡಿದು, ಕುರ್ಚಿಯನ್ನು ಅಡುಗೆಮನೆ ಬಾಗಿಲಿಗೆ ಎಳೆದುಕೊಂಡೆ.